ಮರಮ್ಮನ ಇದ್ದಿಲ ಗೆರೆ

ಹುಣಸೂರಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುವ ನಾನೂ ಒಂದು ಸಂಶೋಧನೆ ಮಾಡಿದ್ದೇನೆ ಎಂದರೆ ನನ್ನ ಹೆಂಡತಿ ಶಾಂತಲಾ ಈಗಲೂ ನಗುತ್ತಾಳೆ. ನಗಲಿ. ತೊಂಬತ್ತೊಂಬತ್ತರಲ್ಲಿ ತಂಬಾಕಿನ ಎಲೆಯನ್ನು ಬಿಸಿಯಲ್ಲಿ ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಕಡಿಮೆ ಸೌದೆ ತಿನ್ನುವ ಒಲೆಯೊಂದನ್ನು ಮಾಡಿ, ಬೆಟ್ಟದಪುರದ ನಮ್ಮ ಬ್ಯಾರನ್ನಿನಲ್ಲೇ ಉರಿಸಿ ನೋಡಿದವನು ನಾನೇ.

"ಹೊಸದು ಕಂಡುಹಿಡಿಯೋಕೆ ಮಾಡಿದ ಖರ್ಚಿಗೆ ತೆರಿಗೇಲಿ ರಿಯಾಯಿತಿ ಉಂಟು ಲಿಂಗರಾಜು. ಬೆಂಕಿ ಹಾಕಿದೋರ ಕೂಲೀನೂ ಸೇರಿಸಬಹುದು. ಆದ್ರೆ ಪ್ರಯೋಗ ನಡೆದದ್ದಕ್ಕೆ ಪುರಾವೆ ಬೇಕು" ಎಂದರು ಮೈಸೂರಿನ ಆಡಿಟರು. ರಿಯಾಯಿತಿ ಸಿಕ್ಕರೆ ಎರಡನೇ ಒಲೆಗೆ ಕಬ್ಬಿಣ. ಸಿಗದಿದ್ದರೆ ಮೊದಲನೆಯದೇ ಕೊನೆಯದು.

ಪುರಾವೆ ಇತ್ತು. ಬ್ಯಾರನ್ನಿಗೆ ಬೆಂಕಿ ಹಾಕುತ್ತಿದ್ದ ಮರಮ್ಮನಿಗೆ ಅಕ್ಷರ ಬಾರದು. ಒಂದು ಹೊರೆ ಸೌದೆ ಒಲೆಗೆ ಹೋದರೆ ಗೋಡೆಯ ಮೇಲೆ ಇದ್ದಿಲಿನ ಒಂದು ಗೆರೆ. ಹಳೇ ಒಲೆಯದು ಎಡಕ್ಕೆ, ಹೊಸದರದು ಬಲಕ್ಕೆ. ಅದನ್ನು ಪುಸ್ತಕಕ್ಕೆ ಇಳಿಸಬೇಕಾದವನು ನಾನು. ಗೋಡೆ ಎಲ್ಲಿಗೆ ಓಡಿಹೋಗುತ್ತೆ ಎಂದು ಸುಮ್ಮನಿದ್ದೆ.

ತೆರಿಗೆ ಇಲಾಖೆಯ ಶಿವನಂಜಪ್ಪನವರು ನೋಡಲು ಬರುವ ಹಿಂದಿನ ದಿನ, "ಸಾಹೇಬ್ರು ಬತ್ತವ್ರೆ, ಬ್ಯಾರನ್ ಹತ್ರ ಒಸಿ ಚೊಕ್ಕ ಮಾಡ್ಸು" ಎಂದು ಶಾಂತಲಾಗೆ ಹೇಳಿ ಹುಣಸೂರಿಗೆ ಹೋದೆ. ಮರುದಿನ ಬೆಳಿಗ್ಗೆ ಅವರನ್ನು ಬಸ್ಸಿಳಿಸಿ ಕರೆತಂದರೆ, ಬ್ಯಾರನ್ನು ಮದುವೆಮನೆಯಂತೆ ಬೆಳ್ಳಗೆ ನಿಂತಿದೆ! ಗೌರವಕ್ಕೆಂದು ಶಾಂತಲಾ ಸುಣ್ಣ ಹೊಡೆಸಿದ್ದಳು.

"ಗೆರೆ ಎಲ್ಲೇ?" ಎಂದು ಕಿರುಚಿದೆ.

"ಮಸಿ ಗೀಚಿರೋದು ಅಂದ್ಕೊಂಡೆ ಕಣ್ರೀ. ಸಾಹೇಬ್ರು ಏನಂದ್ಕೊಳ್ಳಲ್ಲ?"

ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಾನು ತಲೆ ಮೇಲೆ ಕೈಹೊತ್ತು ಸೌದೆಯ ಮೇಲೆ ಕೂತುಬಿಟ್ಟೆ. ನಿಜ ಹೇಳುತ್ತೇನೆ, ಅಳು ಬಂತು. ಶಿವನಂಜಪ್ಪನವರು ಬ್ಯಾಗು ತೆರೆಯಲೂ ಇಲ್ಲ.

ಅಷ್ಟರಲ್ಲಿ ಹಂಪಾಪುರದ ಮಗಳ ಮನೆಯಿಂದ ಮರಮ್ಮ ಬಂದಳು. ಗೋಡೆಗೆ ಮೂಗು ತಾಗಿಸಿ ನೋಡಿದಳು.

"ಎಷ್ಟು ಕೈ ಹೊಡ್ಸಿದ್ರವ್ವಾ?"

"ಒಂದೇ ಕೈ. ಸುಣ್ಣ ಮುಗ್ದೋಯ್ತು."

"ಒಂದ್ ಕೈ ತಾನೆ? ಬುಡಿ ಅತ್ಲಾಗೆ."

ತೊಟ್ಟಿಯಿಂದ ಬಕೆಟ್ ನೀರು ಎತ್ತಿ ಗೋಡೆಗೆ ರಾಚಿದಳು. ತೆಳ್ಳನೆಯ ಸುಣ್ಣ ನೆನೆದರೆ ಒಳಗಿನದು ಕಾಣುತ್ತದೆಂದು, ವರ್ಷಾ ವರ್ಷಾ ಊರವರ ಗೋಡೆಗೆ ಸುಣ್ಣ ಹೊಡೆಯುವ ಅವಳಿಗೆ ಗೊತ್ತು. ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಸಾಲುಸಾಲಾಗಿ ಗೆರೆಗಳು ಎದ್ದು ಬಂದವು. ನಾನು ಕುಣಿದೇಬಿಟ್ಟೆ. ಒಣಗುವ ಮುಂಚೆ ಎಣಿಸಬೇಕಲ್ಲ. ಸಾಹೇಬರು ಶರ್ಟಿನ ತೋಳು ಒದ್ದೆಯಾದರೂ ಬೆರಳಿಟ್ಟು ಎಣಿಸಿದರು. ತಂಬಾಕು ಒಂದು ಸಲ ಬೇಯಿಸುವುದಕ್ಕೆ ಎಡಕ್ಕೆ ನಲವತ್ತೊಂದು ಗೆರೆ, ಬಲಕ್ಕೆ ಇಪ್ಪತ್ತೊಂಬತ್ತು.

"ಒಪ್ಪಿದೆ" ಎಂದರು. ನಂತರ ನನ್ನ ಖರ್ಚಿನ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಈಯಮ್ಮನ್ನ ಬರೀ ಕೂಲಿ ಅಂತ ಬರೆದಿದ್ದೀರಲ್ರೀ? ಪ್ರಯೋಗದ ಲೆಕ್ಕ ಇಟ್ಟೋರು ಇವರೇ ಅಲ್ವಾ?" ಕೂಲಿ ಎಂಬುದನ್ನು ನನ್ನ ಕೈಯಲ್ಲೇ ಹೊಡೆದುಹಾಕಿಸಿ, 'ಸಂಶೋಧನಾ ಸಹಾಯಕಿ' ಎಂದು ಬರೆಸಿದರು.

"ಅಂಗಂದ್ರೆ ಏನಪ್ಪಾ?" ಎಂದು ಮರಮ್ಮ ನನ್ನನ್ನು ಕೇಳಿದಳು.

"ನೀನಿಲ್ದಿದ್ರೆ ಈ ಒಲೆ ಇಲ್ಲ ಅಂತ."

"ಅದು ನಂಗೆ ಮೊದ್ಲೇ ಗೊತ್ತಿತ್ತು ಕಣಪ್ಪ" ಎಂದಳು ಬಕೆಟ್ ಬೋರಲು ಹಾಕುತ್ತಾ. "ನಿಂಗೆ ಗೊತ್ತಾಗಕ್ಕೆ ಸರ್ಕಾರದೋರೇ ಬರಬೇಕಾಯ್ತು."