ಕ್ವಾಕೊನ ಎಡೆ

ಮದುವೆಯ ಹಿಂದಿನ ದಿನ ಹಿರಿಯರಿಗೆ ಎಡೆ ಇಡದಿದ್ದರೆ ಗಂಡಿನ ಕಡೆಯವರು ಒಪ್ಪುತ್ತಿರಲಿಲ್ಲ. ಇಟ್ಟರೆ ಹೆಣ್ಣಿನ ಅಜ್ಜಿ ಫಿಬ್ಬಾ ಒಪ್ಪುತ್ತಿರಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಜಮೈಕಾದ ಬೆಟ್ಟಗಳಲ್ಲಿ ಬಿಳಿಯರ ದಂಡಿಗೇ ನೀರು ಕುಡಿಸಿದ ಮರೂನ್ ಕುಲ ತನ್ನದು. ಗಂಡಿನವರೋ ಗುಲಾಮರ ಹಡಗಿನಿಂದ ಬಿಡುಗಡೆಯಾಗಿ ಮೊನ್ನೆ ಮೊನ್ನೆ ಈ ಕಡಲದಂಡೆಯ ಫ್ರೀಟೌನಿಗೆ ಬಂದವರು. ತಾನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಗಡೀಪಾರಾಗಿ, ಹ್ಯಾಲಿಫ್ಯಾಕ್ಸಿನ ಹಿಮದಲ್ಲಿ ನಡುಗಿ, ಇನ್ನೊಂದು ಹಡಗು ಹತ್ತಿ ಇದೇ ದಂಡೆಯಲ್ಲಿ ಇಳಿದವಳೆಂಬುದನ್ನು ಅಜ್ಜಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಈ ಅಲಸಂದೆ ತಿನ್ನೋ ಜನಕ್ಕೆ ನನ್ ಮೊಮ್ಮಗಳೇ ಬೇಕಿತ್ತಾ?" ಎಂದು ಗೊಣಗುತ್ತಲೇ ಅಂಗಳದಲ್ಲಿ ಕುಳಿತಳು. ಗೊಣಗುತ್ತಲೇ ಎರಡು ಅಲಸಂದೆ ವಡೆಯನ್ನೂ ಒಳಗಿಳಿಸಿದಳು.

ಗಂಡಿನ ತಾಯಿ ಅಬಿಯೊನಾ ನೆಲದ ಗುಂಡಿಗೆ ಎಡೆ ಹಾಕಿ, ಎರಡೂ ಮನೆಯ ಸತ್ತವರ ಹೆಸರು ಕರೆದು, ಕೋಲಾ ಕಾಯಿಯ ನಾಲ್ಕು ಹೋಳು ಎಸೆದಳು. ಎರಡು ಅಂಗಾತ, ಎರಡು ಬೋರಲು ಬಿದ್ದರೆ ಹಿರಿಯರ ಒಪ್ಪಿಗೆ. ನಾಲ್ಕೂ ಬೋರಲು ಬಿದ್ದವು. ಮತ್ತೆ ಎಸೆದರೂ ಅಷ್ಟೇ. ಹಿರಿಯರು ಒಪ್ಪದೆ ಮದುವೆಯಿಲ್ಲ. ಮೊಮ್ಮಗಳು ಡಾರ್ಕಸ್ಸಳ ಮುಖ ಬಾಡಿತು. ಅಜ್ಜಿಗೆ ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

"ಯಾರನ್ನೋ ಬಿಟ್ಟಿದ್ದೀವಿ," ಎಂದಳು ಅಬಿಯೊನಾ. "ನೆನಪು ಮಾಡ್ಕೊಳ್ಳಿ ದೊಡ್ಡಮ್ಮ. ಯಾರೋ ಹಸ್ಕೊಂಡು ನಿಂತಿದಾರೆ."

"ನಮ್ಮೋರು ಯಾರೂ..." ಎನ್ನುವಾಗಲೇ ಅಜ್ಜಿಗೆ ಒಬ್ಬ ನೆನಪಾದ. ಅವನ ಹೆಸರೆತ್ತಿದರೆ ತನ್ನವ್ವ ಅಳುತ್ತಾಳೆಂದು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವ್ವ ಹೋದ ಮೇಲೂ ಎತ್ತಲಿಲ್ಲ.

"ನಂಗೊಬ್ಬ ತಮ್ಮ ಇದ್ದ. ಕ್ವಾಕೊ ಅಂತ. ಗೆಣಸು ಕೊಡು ಅಂತ ಅತ್ತೂ ಅತ್ತೂ ಸತ್ತ. ಆ ಹಿಮದಲ್ಲಿ ಗೆಣಸು ಎಲ್ಲಿಂದ ತರೋದಮ್ಮ? ಹೂಳೋಕೆ ಗುದ್ದಲೀನೂ ಇಳೀಲಿಲ್ಲ. ಅಲ್ಲೇ ಬಿಟ್ ಬಂದ್ವಿ."

ಅಬಿಯೊನಾ ಒಳಗೆ ಹೋಗಿ ಬೆಂದ ಗೆಣಸು ತಂದು ಸಿಪ್ಪೆ ಸುಲಿದು, ಬಿಸಿ ಆರಲೆಂದು ಊದಿ, ಗುಂಡಿಗೆ ಇಟ್ಟಳು. "ಕ್ವಾಕೊ, ಬಾರೋ ಕಂದ. ನಿಮ್ಮಕ್ಕನ ಮನೆ ಇದು. ತಿನ್ನು."

ಮತ್ತೆ ಹೋಳು ಎಸೆದಳು. ಈಗ ಅಜ್ಜಿಯ ಜೀವವೆಲ್ಲ ಆ ಹೋಳುಗಳಲ್ಲಿತ್ತು. ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದಳು. ಮೂರು ಬೋರಲು, ಒಂದೇ ಅಂಗಾತ. ಅಷ್ಟರಲ್ಲಿ ಅಬಿಯೊನಾಳ ಕಿರುಬೆರಳು ಒಂದು ಹೋಳನ್ನು ಮೆಲ್ಲಗೆ ಮಗುಚಿತು.

"ಬಂದ! ಉಂಡ!" ಎಂದು ಅಬಿಯೊನಾ ಕೂಗಿದಳು. ಅಂಗಳವೆಲ್ಲ ಕೇಕೆ ಹಾಕಿತು.

ಮೋಸ ಕಂಡರೆ ಸಂತೆಯಲ್ಲೇ ಮಾನ ಹರಾಜು ಹಾಕುವ ಹೆಂಗಸು ಫಿಬ್ಬಾ. ಅವಳ ಬಾಯಿ ತೆರೆಯಿತು. ಎದುರಿಗೆ ಅಬಿಯೊನಾಳ ಕಣ್ಣು ತುಂಬಿತ್ತು.

"ನಾನೂ ನೋಡ್ದೆ ಕಣ್ರೋ," ಎಂದಳು ಅಜ್ಜಿ, ಗಟ್ಟಿಯಾಗಿ. "ನನ್ ತಮ್ಮ ಹೊಟ್ಟೆ ತುಂಬಾ ಉಂಡ."

ಆಮೇಲೆ ಚಾಪೆಯಲ್ಲಿ ಸರಿದು ಜಾಗ ಮಾಡಿದಳು. "ಬಾ ತಂಗಿ, ಕೂತ್ಕೋ. ಎಷ್ಟೊತ್ತು ಅಂತ ಬಗ್ಗಿರ್ತೀಯ."