ಟಗರಿನ ಗಂಟೆ, ಮರಿಯ ಗೆಜ್ಜೆ

ಸಾಂಗಲಿ ಕಾಲೇಜಿನಲ್ಲಿ ಇಂಟರ್ ಪರೀಕ್ಷೆ ಮುಗಿಸಿ ಬೆಳುಂಕಿಗೆ ಬಂದ ಬೀರದೇವನಿಗೆ ಅಂಗಳದಲ್ಲೇ ಸುದ್ದಿ ಸಿಕ್ಕಿತು. ಅಕ್ಕನ ಮಗಳು ದುಂಡವ್ವನನ್ನು ಸಾಲಿ ಬಿಡಿಸುತ್ತಾರಂತೆ.

"ಕರದ್ರ ಓ ಅನ್ನೂದಿಲ್ಲ ಅಂತಾರ ಮಾಸ್ತರು. ನಾಳಿಂದ ಕುರಿ ಹಿಂದ ಹೋಗ್ಲಿ," ಎಂದಳು ಅಕ್ಕ ಇಂದುಬಾಯಿ.

"ಕಿವಿ ಕೇಳಂಗಿಲ್ಲೇನೋ, ಅಕ್ಕಾ."

"ಕಿವಿಗೇನ್ ಧಾಡಿ! ಅಪ್ಪ ನೋಡ್ಯಾನ. ಹಟಮಾರಿ ಐತಿ, ಥೇಟ್ ನಿನ್ನಂಗ."

ಅಪ್ಪ ಸಾತಪ್ಪ ನೋಡುವ ಬಗೆಯೇ ಬೇರೆ. ಹಿಂಡಿನ ಮುಂದಿನ ಟಗರಿಗೆ ಕಟ್ಟುವ ದೊಡ್ಡ ಗಂಟೆಯನ್ನು ಬೆನ್ನ ಹಿಂದೆ ಬಾರಿಸುವುದು. ತಿರುಗಿದರೆ ಕಿವಿ ಚಲೋ. ನಾಯಿಮರಿಯನ್ನು ಆರಿಸುವುದೂ ಹೀಗೆಯೇ. ದುಂಡವ್ವ ಪ್ರತಿ ಸಲ ತಿರುಗಿದ್ದಳು.

ದಪ್ಪ ದನಿಗೆ ಗಾಳಿ ನಿಧಾನವಾಗಿ ಕಂಪಿಸುತ್ತದೆ, ಸಣ್ಣ ದನಿಗೆ ವೇಗವಾಗಿ ಎಂದು ಬೀರದೇವ ಓದಿದ್ದ. ಒಂದನ್ನು ಕೇಳಿದ ಕಿವಿ ಇನ್ನೊಂದನ್ನೂ ಕೇಳಲೇಬೇಕೆಂದು ಎಲ್ಲಿಯೂ ಓದಿರಲಿಲ್ಲ. ಕುರಿಮರಿಯ ಕೊರಳಿನ ಗೆಜ್ಜೆ ಬಿಚ್ಚಿ ತಂದ. ದುಂಡವ್ವ ಗೋಡೆಗೆ ಮುಖ ಮಾಡಿ ಶೇಂಗಾ ಸುಲಿಯುತ್ತಿದ್ದಳು. ಅವನು ಹಿಂದಿನಿಂದ ಗೆಜ್ಜೆ ಅಲ್ಲಾಡಿಸಿದ. ದೂರದಲ್ಲಿದ್ದ ಮರಿ ಕಿವಿ ನಿಮಿರಿಸಿತು. ಅವಳು ಸುಲಿಯುತ್ತಲೇ ಇದ್ದಳು.

ಸಾತಪ್ಪ ಗೆಜ್ಜೆ ಕಸಿದುಕೊಂಡು ತಾನೇ ಬಾರಿಸಿ ನೋಡಿದ. ಆಮೇಲೆ ಕುಕ್ಕರಿಸಿದ. "ಕೂಸಿಗಿ ಸುಮ್ಮನ ಬೈದೇನಲ್ಲೋ."

ಮರುದಿನ ಅಪ್ಪ-ಮಗ ಇಬ್ಬರೂ ಅವಳನ್ನು ಸಾಲಿಗೆ ಕರೆದೊಯ್ದರು.

"ಬರ್ರಿ, ಕುಂದ್ರಿ," ಎಂದರು ಶಿವಯೋಗೆಪ್ಪ ಮಾಸ್ತರು. ಅವರದು ಕೀರಲು ದನಿ. ಬೀರದೇವ ಹೇಳಿದ್ದನ್ನೆಲ್ಲ ಕೇಳಿ, "ಅಂದ್ರ ನಂದು ಗೆಜ್ಜಿ ದನಿ ಅಂತೀಯೇನಪಾ?" ಎಂದರು.

"ತಪ್ಪು ತಿಳೀಬ್ಯಾಡ್ರಿ ಮಾಸ್ತರ. ಈಕೀನ ಎದುರಿಗೆ ಕುಂಡ್ರಿಸಿ, ಟಗರಿನಂಗ ಒಮ್ಮೆ ಕರೀರಿ."

ಮಾಸ್ತರು ಎದೆ ಉಬ್ಬಿಸಿ, ದನಿ ದಪ್ಪ ಮಾಡಿ ಕರೆದರು. ಹುಡುಗರೆಲ್ಲ ನಕ್ಕರು. ದುಂಡವ್ವ ಮಾತ್ರ ಅವರ ತುಟಿ ನೋಡುತ್ತ, "ಹಾಜರ್ರಿ!" ಎಂದಳು.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಇರ್ಲಿ ಬಿಡು, ಮುಂದಿನ ಸಾಲಿನ್ಯಾಗ ಇಲ್ಲೇ ಕುಂದ್ರಲಿ. ಎಲ್ಲಾ ತಿಳೀದಿದ್ರೂ ಅರ್ಧ ತಿಳೀತದ. ಸಂಖ, ಯಳವಿ ಅಂಥಾ ಊರಾಗ ಇಂಥಾ ಕೂಸು ಎಷ್ಟು ಸಾಲಿ ಬಿಟ್ಟಾವೋ. ನೀ ಕಿವಿ ಡಾಕ್ಟರ್ ಆಗಿ ಬಾ."

"ಒಬ್ಬ ಡಾಕ್ಟರ್ ಎಷ್ಟು ಊರು ತಿರುಗ್ಯಾನ್ರಿ? ಕಿವಿ ನೋಡೂದು ಕಲೀತೀನಿ, ಆಮ್ಯಾಲ ಮಾಸ್ತರಿಗೆಲ್ಲಾ ಕಲಸ್ತೀನಿ. ದಡ್ಡ ಅನ್ನೂಕಿಂತ ಮೊದಲ ಪ್ರತಿ ಸಾಲ್ಯಾಗೂ ಕಿವಿ ನೋಡಬೇಕು."

"ಮ್ಯಾಲಿನ ಸಾಹೇಬ್ರು ಒಪ್ಪಬೇಕಲ್ಲೋ."

"ಒಪ್ಪೂತನಕ ಅವರ ಬಾಗಲಾ ಬಿಡದಾಂವ ಒಬ್ಬ ಬೇಕಲ್ರಿ. ಅಂವ ನಾನಾ ಆಗ್ತೀನಿ."

ಮಾಸ್ತರು ನಗಲಿಲ್ಲ. "ಎರಡನೇ ಇಯತ್ತೆದಾಗ, ಬಾಜೂ ಕ್ಲಾಸಿನ್ಯಾಗ, ಒಬ್ಬ ಹುಡುಗ ಅದಾನ. ಅವನೂ ಓ ಅನ್ನಂಗಿಲ್ಲ."

ಬೀರದೇವ ಗೆಜ್ಜೆಗಾಗಿ ಕೈಚೀಲ ತಡಕಿದ. ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಸಾತಪ್ಪನ ಗದರಿಕೆ ಕೇಳಿಸಿತು: "ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡ್ರಿ! ನಕ್ಕೀರಿ ಮತ್ತ!"