ಅರ್ಧ ಸಿನಿಮಾ ಟೀಚರ್

ಕಬಡ್ಡಿ ಅಂಕಣದ ಸುಣ್ಣದ ಗೆರೆ ಅಳಿಸಿಹೋಗುತ್ತಿದೆ, ಬೆಳಿಗ್ಗೆ ಎಷ್ಟು ಬೆಳ್ಳಗೆ ಹೊಡೆದಿದ್ದರು, ಈಗ ಹುಡುಗಿಯರ ಕಾಲಿಗೆ ಸಿಕ್ಕಿ ಕೆಮ್ಮಣ್ಣಿನಲ್ಲಿ ಕಲಸಿಹೋಗಿದೆ, ಆ ಗೆರೆಯ ಮೇಲೆ ಮಂಜಮ್ಮನ ಬಲಗಾಲು ಬಂತು, ಊರಿದಳು, ಇಲ್ಲ ಊರಲಿಲ್ಲ, ಕಾದ ಹೆಂಚು ತುಳಿದವಳ ಹಾಗೆ ಸರಕ್ಕನೆ ಎತ್ತಿಕೊಂಡಳು — ನಾನು ನೋಡಿದೆನೋ, ನೋಡಿದ ಹಾಗೆ ಅನ್ನಿಸಿತೋ, ಈ ಬಳ್ಳಾರಿಯ ಬಿಸಿಲಲ್ಲಿ ಕಣ್ಣನ್ನೂ ನಂಬುವ ಹಾಗಿಲ್ಲ. ತೆಕ್ಕಲಕೋಟೆಯ ಹುಡುಗಿಯರು ಬತ್ತದ ಮೂಟೆ ಹೊತ್ತು ಬೆಳೆದವರ ಹಾಗಿದ್ದಾರೆ, ಹಿಡಿದರೆ ಬಿಡುವುದಿಲ್ಲ, ಸಿರುಗುಪ್ಪ ತಾಲೂಕಿನವರು ಪ್ರತಿ ವರ್ಷ ನಮ್ಮನ್ನು ಹೀಗೇ ಹಿಡಿದು ಕೂರಿಸಿ ಕಪ್ಪು ತಗೊಂಡು ಹೋಗುತ್ತಾರೆ, ಈ ಸಲವಾದರೂ, ದೇವರೇ, ಜಿಲ್ಲೆಯ ಫೈನಲ್ಲಿಗೆ ಬಂದಿದ್ದೇವೆ, ಒಂದೇ ಪಾಯಿಂಟ್ ಹಿಂದಿದ್ದೇವೆ, ಒಂದೇ. ಎರಡೂ ಮೊಣಕಾಲಿಗೆ ಪಟ್ಟಿ ಹಾಕಿಕೊಂಡಿದ್ದಾಳೆ ಮಂಜಮ್ಮ. ಯಾಕೆ ಎರಡೂ ಕಾಲಿಗೆ, ನಿನ್ನೆಯವರೆಗೆ ಪಟ್ಟಿಯೇ ಇರಲಿಲ್ಲ, ಬಸ್ಸಿನಲ್ಲಿ ಕೇಳಿದೆ, ಸ್ಟೈಲ್ ರೀ ಮಿಸ್ ಅಂದಳು, ಉಳಿದವರೆಲ್ಲ ಕಿಸಕ್ಕೆಂದರು, ನಾನೂ ನಕ್ಕೆ.

ಸೀಟಿ. ಹಾಫ್ ಟೈಮ್. ನೀರಿನ ಕ್ಯಾನ್ ಎಲ್ಲಿ, ನಿಂಬೆಹಣ್ಣು ಯಾರ ಬ್ಯಾಗಿನಲ್ಲಿದೆ — ಹಾಫ್ ಟೈಮ್, ವಿರಾಮ, ಇಂಟರ್ವಲ್, ಈ ಮಾತು ಕೇಳಿದರೆ ನನ್ನ ಹುಡುಗಿಯರಿಗೆ ಬೇರೆಯೇ ಅರ್ಥ. ಕುರುಗೋಡಿನ ನಮ್ಮ ಸಾಲೆಯ ಸ್ಮಾರ್ಟ್ ಕ್ಲಾಸಿನ ಟೀವಿಗೆ ಪೆನ್‌ಡ್ರೈವ್ ಚುಚ್ಚಿ, ಪ್ರತಿ ಪಂದ್ಯದ ಹಿಂದಿನ ದಿನ ಒಂದು ಆಟದ ಸಿನಿಮಾ, ಇಂಟರ್ವಲ್ ತನಕ ಮಾತ್ರ. ಉಳಿದರ್ಧ ಜಿಲ್ಲೆ ಗೆದ್ದ ಮೇಲೆ. ಅವ್ವ ನನಗೆ ನೌಕರಿ ಸಿಗಲಿ ಅಂತ ಹರಕೆ ಹೊತ್ತು ಬದನೆಕಾಯಿ ಬಿಟ್ಟಿದ್ದಳು, ಎಣ್ಣೆಗಾಯಿ ಎಂದರೆ ಪ್ರಾಣ ಅವಳಿಗೆ, ಆರ್ಡರ್ ಬಂದ ದಿನವೇ ಮಾಡಿಕೊಂಡು ಉಂಡಳು, ಇಷ್ಟದ್ದನ್ನ ಬಿಟ್ರನ ದೇವ್ರಿಗೆ ಕಿವಿ ಕೇಳ್ಸೋದು ಅಂತಿದ್ದಳು, ಹಾಗಾಗಿ ನಾನೂ ಹುಡುಗಿಯರಿಂದ ಇಷ್ಟದ್ದೊಂದನ್ನು, ಸಿನಿಮಾದ ಉಳಿದರ್ಧವನ್ನು, ಬಿಡಿಸಿದೆ. ಅದಕ್ಕೆ ಈ ಮಂಜಮ್ಮನೇ ಎದ್ದು ನಿಂತು, ಹಂಗಾದ್ರ ನೀವೂ ನೋಡಬಾರ್ದ್ರಿ ಮಿಸ್, ನೀವ್ ನೋಡಿದ್ರ ಅದೆಂಥಾ ಹರಕಿ ಅಂದಳು. ಆಯ್ತು ಅಂದುಬಿಟ್ಟೆ. ಆವತ್ತಿನಿಂದ ನನ್ನ ತಲೆಯಲ್ಲಿ ಬರೀ ಮೊದಲರ್ಧಗಳು — ಓಟದ ಹುಡುಗಿಯ ಬೂಟು ಕಿತ್ತೇ ಇದೆ, ಕುಸ್ತಿಯವನ ಅಪ್ಪ ಬೈಯುತ್ತಲೇ ಇದ್ದಾನೆ, ಈಜುವವಳನ್ನು ಟೀಮಿನಿಂದ ತೆಗೆದೇ ಇದ್ದಾರೆ, ಯಾರೂ ಗೆದ್ದಿಲ್ಲ, ಒಬ್ಬರಿಗೂ ಮೆಡಲ್ ಬಂದಿಲ್ಲ. ಅರ್ಧ ಸಿನಿಮಾ ಟೀಚರ್ ಬಂದ್ರು ನೋಡ್ರಿ ಅಂತ ಹೆಡ್‌ಮಾಸ್ಟರ್ ಕೊಟ್ರಬಸಪ್ಪನವರು ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ನಗಲಿ. ಆದರೆ ಹುಡುಗಿಯರು ಸಿನಿಮಾ ನೋಡಿದ ಮಾರನೆಯ ದಿನ ಆಡುವ ಆಟವೇ ಬೇರೆ, ಅದು ಮಾತ್ರ ಸುಳ್ಳಲ್ಲ.

ಮಿಸ್, ಸ್ಪ್ರೇ ಹೊಡೀರಿ. ಮಂಜಮ್ಮ ನನ್ನ ಮುಂದೆ ಕೂತಿದ್ದಾಳೆ, ಕೂತಳು ಎನ್ನುವುದಕ್ಕಿಂತ ಬಿದ್ದಳು, ಯಾವ ಕಾಲಿಗೆ ಹೊಡೆಯಲೇ, ಎರಡಕ್ಕೂ ಹೊಡೀರಿ ಅನ್ನುತ್ತಾಳೆ, ಎರಡಕ್ಕೂ, ಮತ್ತೆ ಎರಡೂ — ಅಯ್ಯೋ, ಈಗ ಹೊಳೆಯಿತು. ನಿನ್ನೆಯ ಸಿನಿಮಾ. ಯಾವುದೋ ಭಾಷೆಯದು, ತೆಲುಗಿನ ಮಾತು ಕೂಡಿಸಿದ್ದು, ಅದರಲ್ಲೂ ಕಬಡ್ಡಿ, ಅದರ ನಾಯಕಿಗೂ ಮೊಣಕಾಲಿಗೆ ಪೆಟ್ಟು, ಯಾವ ಕಾಲು ನೋಯುತ್ತಿದೆ ಎಂದು ಎದುರಾಳಿಗೆ ಗೊತ್ತಾಗದಿರಲಿ ಅಂತ ಎರಡೂ ಕಾಲಿಗೆ ಪಟ್ಟಿ ಕಟ್ಟುತ್ತಾಳೆ, ಗೆರೆಯ ಹತ್ತಿರ ಬರುತ್ತಾಳೆ, ದಾಟಲು ಕಾಲೆತ್ತುತ್ತಾಳೆ, ಎತ್ತಿದ ಕಾಲು ಹಾಗೆಯೇ ನಿಂತುಬಿಡುತ್ತದೆ, ಚಿತ್ರ ಅಲ್ಲಾಡುವುದಿಲ್ಲ, ಮೇಲೆ ಇಂಟರ್ವಲ್ ಎಂದು ಅಕ್ಷರ. ನಾನು ಪೆನ್‌ಡ್ರೈವ್ ಕಿತ್ತೆ, ಹುಡುಗಿಯರು ಹೋ ಎಂದರು, ಇವಳೊಬ್ಬಳು ಮಾತ್ರ ಕಪ್ಪಾದ ಪರದೆಯನ್ನೇ ನೋಡುತ್ತ ಕೂತಿದ್ದಳು. ಬಿಚ್ಚು ಪಟ್ಟಿ. ಬ್ಯಾಡ್ರಿ ಮಿಸ್. ಬಿಚ್ಚಲೇ ಅಂದೆ. ನಾನೇ ಬಿಚ್ಚಿದೆ. ಎಡಗಾಲಿನದು ಮೊಣಕಾಲು, ಬಲಗಾಲಿನದು ತೆಂಗಿನಕಾಯಿ. ಯಾವತ್ತು ಬಿದ್ದಿ ಅಂದರೆ ಸೋಮವಾರ ಪ್ರಾಕ್ಟೀಸಿನ್ಯಾಗ, ಅವ್ವಗ ಹೇಳಬ್ಯಾಡ್ರಿ, ಆಕಿ ಆಡಾಕ ಕಳ್ಸಂಗಿಲ್ಲ. ಅವಳವ್ವ ಊರಮ್ಮ ಮೆಣಸಿನಕಾಯಿ ಬಿಡಿಸಲು ಹೋಗುವವಳು, ಕೈ ಉರಿಯುತ್ತಿದ್ದರೂ ನನಗೆ ಕೈ ಮುಗಿದು, ನಿಮ್ಮ ಉಡ್ಯಾಗ ಹಾಕೀನ್ರಿ ಅಕ್ಕೋರ, ಹೆಂಗ ಕರ್ಕೊಂಡು ಹೋಕ್ಕೀರೋ ಹಂಗ ಕರ್ಕೊಂಡು ಬರ್ರಿ ಅಂದಿದ್ದಳು. ಹೇಗೆ ಕರೆದುಕೊಂಡು ಹೋಗಲಿ ಈಗ.

ಫಸ್ಟ್ ಏಡಿನ ನರ್ಸಮ್ಮ ಬಂದು ಒತ್ತಿ ನೋಡಿ, ಆಡಿಸಬ್ಯಾಡ್ರಿ ಅಂದು ಐಸು ಕೊಟ್ಟು ಹೋದಳು. ಆದರೆ ಅಲ್ಲಿ ಶಾಮಿಯಾನದ ಕೆಳಗೆ ಆಯ್ಕೆ ಮಾಡುವವರು ಕೂತಿದ್ದಾರೆ, ಇಲ್ಲಿ ಆಡಿದರೆ ವಿಭಾಗದ ಟೀಮಿಗೆ, ಅಲ್ಲಿಂದ ಕ್ರೀಡಾ ಹಾಸ್ಟೆಲಿಗೆ, ಮಂಜಮ್ಮನಿಗೆ ಇದೇ ಕೊನೆಯ ವರ್ಷ, ಹತ್ತನೆಯದು ಮುಗಿದರೆ ಅವ್ವನ ಜೊತೆ ಮೆಣಸಿನಕಾಯಿ ಹೊಲ, ಆಮೇಲೆ ಮದುವೆ, ಗೊತ್ತಿರುವುದೇ. ಕೂರಿಸಿದರೆ ಅದನ್ನೆಲ್ಲ ನಾನೇ ಕೈಯಾರೆ ಮಾಡಿದ ಹಾಗೆ, ಆಡಿಸಿದರೆ ಆ ಕಾಲನ್ನು ನಾನೇ ಕೈಯಾರೆ — ಅತ್ತ ದರಿ ಇತ್ತ ಪುಲಿ. ಸಿನಿಮಾದಾಗ ಆಕಿ ಎದ್ದು ಆಡ್ತಾಳಲ್ರಿ ಮಿಸ್. ಮಂಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಆಡ್ತಾಳ ಹೌದಲ್ರಿ. ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ, ನಾನು ಕಂಡಿದ್ದು ಎತ್ತಿದ ಕಾಲು ಅಷ್ಟೇ, ಆಕೆ ಆ ಕಾಲು ಊರಿದಳೋ, ಊರಿ ಬಿದ್ದಳೋ, ಯಾರಾದರೂ ಹಿಂದಿನಿಂದ ಬಾರವ್ವ ಸಾಕು ಎಂದು ಕರೆದರೋ. ನನಗೆ ಯಾಕಿಷ್ಟು ಭಯ, ಆಡುವವಳು ಅವಳು.

ಫೋನು. ನಮ್ಮ ಮನೆಯವರಿಗೆ ಗೊತ್ತು, ಸಂಗಮೇಶ್ ಅವರಿಗೆ, ಪಾರ್ವತಿನಗರದಲ್ಲಿ ಮೊಬೈಲ್ ಅಂಗಡಿ, ಸಿನಿಮಾ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಡುವವರು ಅವರೇ, ಪೂರ್ತಿ ನೋಡಿಯೇ ಕೊಡುತ್ತಾರೆ, ರೊಟ್ಟಿ ಮುರಿಯುತ್ತ, ನಾಗೂ, ಮುಂದೇನಾಗ್ತೈತಿ ಅಂದ್ರ, ಎಂದು ಶುರು ಮಾಡುತ್ತಾರೆ, ನಾನು ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತೇನೆ. ಈಗ ಕೇಳಿದರೆ ಹರಕೆ ಮುರಿದಂತೆ. ಆರ್ಡರ್ ಬರುವ ತನಕ ಅವ್ವ ಒಂದು ದಿನವೂ ಬದನೆಕಾಯಿ ಮುಟ್ಟಲಿಲ್ಲ. ಮುರಿಯಲಿ, ಫೋನು ಹಚ್ಚಿದೆ. ರೀ, ನಿನ್ನೆ ಸಿನಿಮಾದಾಗ ಇಂಟರ್ವಲ್ ಆದ ಮ್ಯಾಲ ಏನಾಗ್ತೈತ್ರಿ. ಅಬ್ಬಾ, ಸೂರ್ಯ ಯಾ ಕಡಿ ಹುಟ್ಯಾನ ಇವತ್ತು. ನಗಬ್ಯಾಡ್ರಿ, ಹೇಳ್ರಿ ಲಗೂನ. ಏನಾಗ್ತೈತಿ, ಗೆಲ್ತಾರ, ಎಲ್ಲಾ ಸಿನಿಮಾದಾಗೂ ಗೆಲ್ತಾರ, ಕಪ್ಪ ಎತ್ತಿ ಕುಣೀತಾರ, ಕಣ್ಣೀರು ಬರ್ತೈತಿ ನೋಡು. ಆಕಿ ಆಡ್ತಾಳೇನ್ರಿ. ಮತ್ತ, ಹೀರೋಯಿನ್ ಆಡ್ಲಿಲ್ಲಂದ್ರ ಯಾರ್ ಆಡ್ತಾರ. ಆಕಿ ಕಾಲು. ಯಾವ ಕಾಲು. ಪೆಟ್ಟಾಗಿತ್ತಲ್ರಿ, ಮೊಣಕಾಲು, ಆಮ್ಯಾಲ ಅದು ಏನಾತು. ಅತ್ತ ಅಂಗಡಿಯಲ್ಲಿ ಯಾರೋ ಚಾರ್ಜರ್ ಕೇಳುತ್ತಿದ್ದಾರೆ, ಕಾಲಿಂದೇನು ತೋರ್ಸಿಲ್ಲ ಬಿಡು, ಕಪ್ಪ ಎತ್ತಿದ ಕೂಡ್ಲೇ ಸಿನಿಮಾ ಮುಗೀತಲ್ಲ.

ಮುಗಿಯಿತಲ್ಲ. ಫೋನು ಇನ್ನೂ ಕಿವಿಯಲ್ಲೇ ಇದೆ, ಅವರು ಹಲೋ ಹಲೋ ಎನ್ನುತ್ತಿದ್ದಾರೆ, ಮುಗಿದ ಮೇಲೆ ಆಕೆ ಮನೆಗೆ ಹೇಗೆ ಹೋದಳು, ಬಸ್ಸಿನ ಮೆಟ್ಟಿಲು ಹೇಗೆ ಹತ್ತಿದಳು, ನೀರಿನ ಕೊಡ ಯಾವ ಸೊಂಟದಲ್ಲಿಟ್ಟುಕೊಂಡಳು, ಅದಕ್ಕೆಲ್ಲ ಮೂರನೆಯ ಅರ್ಧ ಬೇಕು, ಅದನ್ನು ಯಾರೂ ತೆಗೆಯುವುದಿಲ್ಲ. ಸೀಟಿ, ಎರಡೂ ಟೀಮ್ ಒಳಗೆ ಬನ್ನಿ. ಮಂಜಮ್ಮ ಪಟ್ಟಿ ಏರಿಸಿಕೊಂಡು ಎದ್ದಾಗಿದೆ, ಫೋನಿನ್ಯಾಗ ಸರು ಏನಂದ್ರು ಮಿಸ್, ಆಡ್ತಾಳಂತ ಹೌದಲ್ರಿ. ಆಡ್ತಾಳಂತ. ನಿಜ ಹೇಳಿಬಿಟ್ಟೆ, ಅವಳ ಮುಖ ಅರಳಿತು, ಅರಳಿದ ಮುಖಕ್ಕೇ ಹೇಳಿದೆ, ನೀ ಆಡಾಂಗಿಲ್ಲ. ಅಕ್ಷತಾ, ಎದ್ದೇಳವ್ವ, ಒಳಗ ಹೋಗು. ರೆಫ್ರಿಗೆ ಕೈ ಎತ್ತಿ ತೋರಿಸಿದೆ, ಬದಲಿ. ಅಕ್ಷತಾ ಒಂಬತ್ತನೆಯದು, ರೇಡಿಗೆ ಹೋದರೆ ಉಸಿರು ಬಿಡುವುದನ್ನೇ ಮರೆಯುವ ಹುಡುಗಿ, ಸೋಲುತ್ತೇವೆ, ಗೊತ್ತು, ಮತ್ತೊಂದು ವರ್ಷ ಅರ್ಧ ಸಿನಿಮಾ, ಆಗಲಿ. ಮಂಜಮ್ಮ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು, ಸಿನಿಮಾದಾಗ ಆಡ್ಯಾಳ ಅಂತ ನೀವ ಹೇಳಿದ್ರಿ, ನನ್ನ ಯಾಕ ಕುಂದ್ರಸ್ತೀರಿ ಅಂದಳು ಅಷ್ಟೇ.

ಕೂರಲೂ ಇಲ್ಲ. ಗೆರೆಯ ಹೊರಗೆ ನಿಂತಿದ್ದಾಳೆ, ನನಗೆ ಬೆನ್ನು ಕೊಟ್ಟು, ಒಳಗೆ ಕಬಡ್ಡಿ ಕಬಡ್ಡಿ, ಅಕ್ಷತಾಳ ದನಿ, ಯಾರೋ ಬಿದ್ದರು, ಕೂಗು, ಪಾಯಿಂಟ್ ನಮ್ಮದೋ ಅವರದೋ, ಶಾಮಿಯಾನದವರು ಏನೋ ಬರೆದುಕೊಂಡರು, ಬರೆದುಕೊಳ್ಳಲಿ, ನಾನು ಅತ್ತ ನೋಡುತ್ತಿಲ್ಲ, ನನಗೆ ಕಾಣುತ್ತಿರುವುದು ಅವಳ ಬಲಗಾಲು, ಎತ್ತಿದ್ದಾಳೆ, ನೆಲಕ್ಕೆ ತಾಗಿಸಿಲ್ಲ, ಒಂಟಿಕಾಲಲ್ಲಿ ವಾಲುತ್ತಿದ್ದಾಳೆ, ಕೂಗು ಹೆಚ್ಚಾಯಿತು, ಮಿಸ್ ಮಿಸ್ ಎಂದು ನನ್ನ ಹುಡುಗಿಯರೇ ಕೂಗುತ್ತಿದ್ದಾರೆ, ಗೆದ್ದರೋ, ಸೋತರೋ, ಆ ಕಾಲು — ಹೆಗಲು ಹಿಡ್ಕೊಳವ್ವ ಅಂತ ಹತ್ತಿರ ಹೋದೆ, ಮುಖ ತಿರುಗಿಸಿಕೊಂಡಳು, ಕಾಲು ಕೆಳಗಿಡು ಮಂಜಮ್ಮ, ಮೆಲ್ಲಕ ಇಡು, ಇಡಲಿಲ್ಲ, ಆಮೇಲೆ, ನನ್ನ ಕಡೆ ನೋಡದೆಯೇ ಕೈ ಚಾಚಿ ನನ್ನ ಹೆಗಲು ಹಿಡಿದಳು, ಇಡಾಕ ಆಗವಲ್ದ್ರಿ ಮಿಸ್ — ಅಳಿಸಿಹೋದ ಗೆರೆ, ಅದರ ಮೇಲೆ ಎತ್ತಿದ ಕಾಲು, ಎತ್ತಿದ ಹಾಗೆಯೇ ಇದೆ